ಬೆರೇಗ್‌ನಲ್ಲಿ ಮೂವರ ಉಸಿರು

ನವೆಂಬರ್ 4

ಬಂದು ವಾರವಾಯಿತು. ತಲೆ ಭಾರ ಇಳಿದಿದೆ, ಮುಖದ ಊತ ಇಳಿದಿಲ್ಲ. ಕನ್ನಡಿ ನೋಡಿದರೆ ನಮ್ಮ ಬೀದಿಯ ಬ್ರೆಡ್ ಅಂಗಡಿಯಾಕೆ ನನ್ನನ್ನು ನೋಡುತ್ತಾಳೆ.

ಬೆರೇಗ್ ಎಂದರೆ ದಡ. ಸುತ್ತ ಯಾವ ಕಡೆಗೂ ದಡವಿಲ್ಲದ ಜಾಗದಲ್ಲಿ ತೇಲುವ ಡಬ್ಬಿಗೆ ಈ ಹೆಸರಿಟ್ಟ ಪುಣ್ಯಾತ್ಮ ಯಾರೋ. ಈ ಬಾಹ್ಯಾಕಾಶ ನಿಲ್ದಾಣ ಮುದಿಯಾಗಿದೆ. ಒಂದು ಕಡೆ ತೇಪೆ ಹಾಕಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತದೆ. ಇರುವವರು ಇಬ್ಬರೇ, ಕಮಾಂಡರ್ ಸವೇಲಿ ಲೂಕಿಚ್ ಮತ್ತು ನಾನು. ಲೀದಿಯಾ ಎಂಬ ಒಳ್ಳೆಯ ಹೆಸರಿದ್ದರೂ ಅವರು ನನ್ನ ಅಪ್ಪನ ಹೆಸರು ಹಿಡಿದು 'ಕುಜ್ಮಿನಿಚ್ನಾ' ಎಂದೇ ಕರೆಯುತ್ತಾರೆ. ಹಾಗೆ ಕರೆಸಿಕೊಂಡಾಗಲೆಲ್ಲ ಸಂತೆಯಲ್ಲಿ ಹಾಲು ಮಾರುವ ಮುದುಕಿಯಾದ ಹಾಗಾಗುತ್ತದೆ.

ನಾನು ಬಂದಿರುವುದು ತಿಮೊಫೇಯ್‌ನ ಜಾಗಕ್ಕೆ. ಅವನಿಗೆ ಇದ್ದಕ್ಕಿದ್ದಂತೆ ಹೊಟ್ಟೆನೋವು ಬಂದು ಜ್ವರ ಏರಿತ್ತು. ನನ್ನನ್ನು ತಂದ ನೌಕೆಯಲ್ಲೇ ಅವನನ್ನು ಗಡಿಬಿಡಿಯಲ್ಲಿ ಇಳಿಸಿದರು. ಬಾಗಿಲಲ್ಲಿ ಒಬ್ಬರಿಗೊಬ್ಬರು ಎದುರಾದೆವು. ಕೈ ಚಾಚಿದರೆ ಲೂಕಿಚ್ ತಡೆದರು, ಹೊಸ್ತಿಲ ಮೇಲೆ ಕೈ ಕುಲುಕಬಾರದಂತೆ. ಅವನನ್ನು ಹೊತ್ತೊಯ್ದರು, ನಾನು ಒಳಗೆ ಬಂದೆ.

ಇಲ್ಲಿ ಕೈಜಾರಿದ್ದು ಏನೇ ಆಗಲಿ, ತಿರುಪಾಗಲಿ ಗುಂಡಿಯಾಗಲಿ, ತೇಲಿ ತೇಲಿ ಕೊನೆಗೆ ದೊಡ್ಡ ಫ್ಯಾನಿನ ಜಾಲರಿಗೆ ಬಂದು ಅಂಟಿಕೊಳ್ಳುತ್ತದೆ. ದಿನಾ ಬೆಳಿಗ್ಗೆ ಅದನ್ನು ಒರೆಸುವುದು ನನ್ನ ಮೊದಲ ಕೆಲಸ. ಲೂಕಿಚ್ ವಾರಕ್ಕೊಮ್ಮೆ ಸಾಕು ಎನ್ನುತ್ತಾರೆ. ಅವರ ಮನೆ ಹೇಗಿದೆಯೋ ದೇವರೇ ಬಲ್ಲ. ಜಾಲರಿಯ ಮುಂದಿನ ಹಿಡಿಕಂಬಿಗೆ ಮಗಳು ಗ್ಲಾಶಾ ಕೊಟ್ಟ ಕೆಂಪು ರಿಬ್ಬನ್ ಕಟ್ಟಿದ್ದೇನೆ. ಗಾಳಿ ಓಡುವವರೆಗೂ ಅದು ಜಾಲರಿಯ ಕಡೆ ಬೆರಳು ಮಾಡಿಕೊಂಡಿರುತ್ತದೆ.

ನವೆಂಬರ್ 11

ಮನೆಯವರೊಂದಿಗೆ ಮಾತಾಡುವ ದಿನ. ಗ್ಲಾಶಾಗೆ ಮುಂದಿನ ಹಲ್ಲು ಬಿದ್ದಿದೆಯಂತೆ. 'ಹೇಗೆ ಬಿತ್ತು' ಎಂದರೆ ಬಾಯಿ ಅಗಲಿಸಿ ಕ್ಯಾಮೆರಾಗೇ ಅಂಟಿಸಿದಳು, ಪರದೆಯ ತುಂಬ ಕತ್ತಲು. ಅಜ್ಜಿ ಜಡೆಗೆ ಮೊಲದ ಕಿವಿ ಕಟ್ಟುವುದಿಲ್ಲ ಎಂದು ದೂರು. ಮೊಲದ ಕಿವಿ ಎಂದರೆ ನಾನು ಕಟ್ಟುವ ಗಂಟು. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಸಿದ್ದು, ಬಾಲ ಒಳಗೆ. ಬೇರೆ ಯಾರಿಗೂ ಬರುವುದಿಲ್ಲ, ಬರಲೂಬಾರದು. ಮಾತು ಮುಗಿದ ಮೇಲೆ ಹೋಗಿ ಬಚ್ಚಲ ಪರದೆಯ ಹಿಂದೆ ಚೆನ್ನಾಗಿ ಅತ್ತೆ. ಇಲ್ಲಿ ಕಣ್ಣೀರು ಕೆಳಗೆ ಇಳಿಯುವುದಿಲ್ಲ, ಕಣ್ಣಿನ ಮೇಲೇ ಗುಡ್ಡೆಯಾಗಿ ಕೂರುತ್ತದೆ, ಉರಿಯುತ್ತದೆ. ಅಳುವುದಕ್ಕೂ ಟವೆಲು ಬೇಕು.

ಗಾಳಿ ತೊಳೆಯುವ ಯಂತ್ರ ಮುಲುಗುತ್ತಿದೆ. ನಾವು ಬಿಟ್ಟ ಉಸಿರಿನ ಕೆಟ್ಟ ಗಾಳಿಯನ್ನು ಅದು ಹೀರಬೇಕು. ಅದರ ಜೊತೆಗಿರುವ ಇನ್ನೊಂದು ಯಂತ್ರ ಉಸಿರಿನ ತೇವ ಹಿಡಿದು ನೀರು ಮಾಡಬೇಕು. ಆ ನೀರನ್ನೇ ಕುಡಿಯುತ್ತೇವೆ. ಇಬ್ಬರ ಉಸಿರಿಗೆ ಬರಬೇಕಾದ್ದಕ್ಕಿಂತ ನೀರು ಹೆಚ್ಚು ಬರುತ್ತಿದೆ. ಕೆಟ್ಟ ಗಾಳಿಯೂ ಅಷ್ಟೇ ಹೆಚ್ಚು. ಲೆಕ್ಕ ಹಾಕಿದರೆ ಮೂವರದು.

ನವೆಂಬರ್ 19

ಭೂಮಿಯನ್ನು, ಎಂದರೆ ಕೆಳಗಿನ ನಿಯಂತ್ರಣ ಕೇಂದ್ರವನ್ನು, ಕೇಳಿದರೆ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡುತ್ತಾರೆ. ಮಾಪಕದ ದೋಷ ಇರಬಹುದು, ಇಲ್ಲದೆಯೂ ಇರಬಹುದು. ಮಾಪಕ ಬದಲಿಸಿದೆವು. ಹೊಸದೂ ಅದನ್ನೇ ಹೇಳಿತು.

ಬೂಷ್ಟು ಎಂದು ನನ್ನ ಅನುಮಾನ. ಬೂಷ್ಟೂ ಉಸಿರಾಡುತ್ತದೆ. ಎರಡು ದಿನ ಗೋಡೆಯ ಹಲಗೆಗಳನ್ನೆಲ್ಲ ಬಿಚ್ಚಿದೆವು. ಹಿಂದಿನ ಕೋಣೆಯ ಹಲಗೆಯೊಂದರ ಹಿಂದೆ ಫುಟ್‌ಬಾಲಿನಷ್ಟು ನೀರಿನ ಗುಂಡು ತಂತಿಗಳನ್ನು ತಬ್ಬಿಕೊಂಡು ನಡುಗುತ್ತಿತ್ತು. ಅದರ ಸುತ್ತ ಹಸಿರು ಕಪ್ಪು ತುಪ್ಪಳ. ನೋಡಿದಾಗ ಖುಷಿಯೇ ಆಯಿತು, ಕಳ್ಳ ಸಿಕ್ಕಿಬಿದ್ದನಲ್ಲ ಎಂದು. ಹೀರಿ, ಒರೆಸಿ, ಉಜ್ಜಿ, ಮದ್ದು ಹಾಕಿ ಮುಗಿಸಿದೆವು. ಲೂಕಿಚ್ ತಮ್ಮ ಗುಟ್ಟಿನ ಶೀಸೆಯಿಂದ ಇಬ್ಬರಿಗೂ ಒಂದೊಂದು ಗುಟುಕು ಹಿಂಡಿದರು.

ನವೆಂಬರ್ 23

ಈಗಲೂ ಮೂವರದೇ.

ಡಿಸೆಂಬರ್ 2

ಇವತ್ತು ಜಾಲರಿಗೆ ಸೂರ್ಯಕಾಂತಿ ಬೀಜದ ಸಿಪ್ಪೆ ಅಂಟಿತ್ತು. ನಾಲ್ಕೈದು. ಹಲ್ಲಿನಿಂದ ಸೀಳಿದ್ದು, ಇನ್ನೂ ಒದ್ದೆ.

ಸಿಪ್ಪೆ ಹಾರಾಡಿ ಕಣ್ಣು ಮೂಗಿಗೆ ಹೋಗುತ್ತದೆಂದು ಬೀಜ ಇಲ್ಲಿ ನಿಷಿದ್ಧ. ನನ್ನ ಬಳಿ ಇಲ್ಲ. ಲೂಕಿಚ್ ಮಾಡುತ್ತಿರುವ ಕುಚೋದ್ಯ ಎಂದುಕೊಂಡು ಒಯ್ದು ಅವರ ಮೂಗಿನ ಮುಂದೆ ಹಿಡಿದೆ. ಅವರ ಮುಖ ನೋಡಿದ ಮೇಲೆ ಬೈಯುವ ಮನಸ್ಸಾಗಲಿಲ್ಲ. ಬೀಜ ತಿನ್ನುತ್ತಿದ್ದವನು ತಿಮೊಫೇಯ್. ಅಂಗಿಯೊಳಗೆ ಕದ್ದು ತಂದಿದ್ದನಂತೆ. ಕೊನೆಯ ಚೀಲ ಬೇಸಿಗೆಯಲ್ಲೇ ಖಾಲಿಯಾಗಿತ್ತಂತೆ.

ಲೂಕಿಚ್ ಅಂದರು: "ಅವನು ಕೂರದೇ ಹೋದ ಕಣಮ್ಮ."

ಊರು ಬಿಡುವ ಮುಂಚೆ ನಮ್ಮಲ್ಲಿ ಕೂರದವರು ಯಾರು? ರೈಲು ತಪ್ಪುವ ಹಾಗಿದ್ದರೂ ಪೆಟ್ಟಿಗೆಗಳ ಮೇಲೆ ಎಲ್ಲರೂ ಒಂದು ಗಳಿಗೆ ಮಾತಿಲ್ಲದೆ ಕೂತೇ ಏಳುವುದು. ಆದರೆ ಅದು ಬಾಗಿಲಲ್ಲಿ ಬೂಟು ಬಿಚ್ಚಿದ ಹಾಗೆ ಬರೀ ಅಭ್ಯಾಸ. ತೂಕವೇ ಇಲ್ಲದ ಜಾಗದಲ್ಲಿ ಕೂರುವುದಾದರೂ ಹೇಗೆ ಎಂದು ನಕ್ಕೆ. ಅವರು ನಗಲಿಲ್ಲ. ಪಾದವನ್ನು ಕಂಬಿಗೆ ಸಿಕ್ಕಿಸಿ ಮಂಡಿ ಮಡಿಸಿದರೆ ಆಯಿತಂತೆ, ಇಲ್ಲಿಂದ ಹೋದವರೆಲ್ಲ ಹಾಗೇ ಕೂತು ಹೋಗಿದ್ದಾರಂತೆ.

"ಕಾಲು ಹೊರಡೋಕೆ ತಯಾರಾಗಿರತ್ತೆ, ಮಿಕ್ಕಿದ್ದು ಇನ್ನೂ ಮನೇಲೇ ಓಡಾಡ್ಕೊಂಡಿರತ್ತೆ," ಎಂದರು. "ಕೂತ್ರೆ ಅದೂ ಬಂದು ಮಡಿಲಲ್ಲಿ ಕೂರತ್ತೆ. ಆಮೇಲೆ ಎದ್ರೆ ಪೂರ್ತಿ ಏಳ್ತೀವಿ. ಅವನನ್ನ ಮೂಟೆ ಥರ ಹೊತ್ತಾಕಿದ್ವಿ. ನಾನಾದ್ರೂ ನೆನಪು ಮಾಡಬೇಕಿತ್ತು."

ಇಂಥ ವಿದ್ಯಾವಂತರು, ಎರಡು ಸಲ ನಿಲ್ದಾಣದ ಹೊರಗೆ ಬಾಹ್ಯಾಕಾಶದಲ್ಲಿ ನಡೆದು ಬಂದವರು. ನನಗೆ ಸಿಟ್ಟು ಬಂತು. ಸಿಪ್ಪೆ ಎಲ್ಲೋ ಹಲಗೆಯ ಹಿಂದೆ ಇದ್ದಿರಬೇಕು, ಅಷ್ಟೆ. ಒದ್ದೆ ಯಾಕಿತ್ತು ಎಂಬುದನ್ನು ನಾಳೆ ಯೋಚಿಸಿದರಾಯಿತು.

ಡಿಸೆಂಬರ್ 14

ಗ್ಲಾಶಾಳ ಪಾಲಿನ ಮಾತಿನ ಹೊತ್ತಿನಲ್ಲಿ ಸ್ವಲ್ಪವನ್ನು ಇವತ್ತು ತಿಮೊಫೇಯ್‌ನ ಹೆಂಡತಿ ನೋನ್ನಾ ಕೇಳಿ ಪಡೆದಿದ್ದಳು. ನಾನವಳನ್ನು ಎರಡೇ ಸಲ ನೋಡಿದ್ದು, ದಪ್ಪ ದನಿಯ ಹೆಂಗಸು. ಈಗ ಸೊರಗಿ ಅರ್ಧ ಆಗಿದ್ದಾಳೆ. ಗಂಡನ ಹೊಟ್ಟೆ ವಾಸಿಯಾಗಿದೆ, ವೈದ್ಯರ ಪ್ರಕಾರ ಅವನಿಗೆ ಏನೂ ಆಗಿಲ್ಲ. ಆದರೆ ಊಟ ಸೇರುವುದಿಲ್ಲ, ಕರೆದರೆ ತಿರುಗುವುದಿಲ್ಲ, ದಿನದಿನಕ್ಕೆ ಸವೆಯುತ್ತಿದ್ದಾನೆ.

"ಲೀದಾ, ನಗಬೇಡ," ಎಂದಳು. "ಬಾಯಲ್ಲಿ ಏನೂ ಇಲ್ದೆ ಅಗೀತಾನೆ. ಅಗಿದು ಉಗೀತಾನೆ. ಇವತ್ತು ಬೆಳಿಗ್ಗೆ ಮೊದಲ್ನೇ ಸಲ ಬಾಯಿ ಬಿಟ್ಟ. ಹಿಂದಿನ ಕೋಣೆ ಫ್ಯಾನು ಕಿರ್ ಅಂತಿದೆ, ಎಣ್ಣೆ ಹಾಕೋರಿಲ್ವಾ ಅಂದ. ನಮ್ಮನೇಲಿ ಫ್ಯಾನೇ ಇಲ್ಲ."

ಹಿಂದಿನ ಕೋಣೆಯ ಫ್ಯಾನು ಇವತ್ತು ಬೆಳಿಗ್ಗೆಯಿಂದ ಕಿರುಗುಟ್ಟುತ್ತಿದೆ. ಭೂಮಿಗೆ ನಾವಿನ್ನೂ ಹೇಳಿರಲಿಲ್ಲ.

ಭಯವಾಯಿತು ಎಂದು ಬರೆಯಲು ನಾಚಿಕೆಯೇನಿಲ್ಲ. ಭಯವಾಯಿತು. ನಾನು ಮಲಗುವುದು ಅವನ ಗೂಡಿನಲ್ಲಿ.

ಡಿಸೆಂಬರ್ 15

ಎಣ್ಣೆ ಹಾಕಲು ಆ ಫ್ಯಾನು ನಿಲ್ಲಿಸಿದೆವು. ಇಲ್ಲಿ ಫ್ಯಾನು ನಿಂತರೆ ಬಿಟ್ಟ ಉಸಿರು ಎಲ್ಲಿಗೂ ಹೋಗುವುದಿಲ್ಲ, ಮುಖದ ಮುಂದೆಯೇ ಉಂಡೆಗಟ್ಟಿ ನಿಲ್ಲುತ್ತದೆ. ಅದಕ್ಕೇ ಲೂಕಿಚ್ ರಟ್ಟಿನಿಂದ ಗಾಳಿ ಬೀಸುತ್ತಿದ್ದರು. ನನಗೆ ಏನನ್ನಿಸಿತೋ, ಕೆಟ್ಟ ಗಾಳಿ ಅಳೆಯುವ ಕೈಮಾಪಕ ಹಿಡಿದು ಕೋಣೆಯನ್ನೆಲ್ಲ ಸುತ್ತಿದೆ. ಎಲ್ಲ ಕಡೆ ಸರಿಯಿತ್ತು. ಕಿಟಕಿಯ ಹತ್ತಿರ, ಒಂದು ತಲೆ ಇರಬಹುದಾದ ಜಾಗದ ಮುಂದೆ, ಮುಳ್ಳು ಕೊನೆಯವರೆಗೆ ಏರಿತು. ಕೈ ಒಡ್ಡಿದೆ. ಬೆಚ್ಚಗಿತ್ತು.

ಲೂಕಿಚ್ ಟೋಪಿ ಇಲ್ಲದ ತಲೆಯಿಂದ ಟೋಪಿ ತೆಗೆಯುವ ಹಾಗೆ ಮಾಡಿದರು. "ನಮಸ್ಕಾರಪ್ಪ," ಎಂದರು.

ಕಿಟಕಿಯಲ್ಲಿ ಆಗ ವೋಲ್ಗಾ ನದಿ ಸಾಗುತ್ತಿತ್ತು, ಅವನ ಊರಿನ ಕಡೆ.

ಡಿಸೆಂಬರ್ 31

ಹೊಸ ವರ್ಷ ಇಲ್ಲಿ ಹತ್ತಾರು ಸಲ ಬಂತು. ನಾವು ನಮ್ಮೂರಿನದನ್ನು ಮಾತ್ರ ಲೆಕ್ಕಕ್ಕೆ ಹಿಡಿದೆವು. ಡಬ್ಬಿಯ ನಾಲಿಗೆ ಮಾಂಸ, ಉಪ್ಪಿನಕಾಯಿ ಸೌತೆ, ಕಪ್ಪು ಬ್ರೆಡ್ಡು. ಮೇಜಿನ ರಬ್ಬರ್ ಪಟ್ಟಿಗೆ ಮೂರು ಚಮಚ ಸಿಕ್ಕಿಸಿದೆ. ನಾನೇ ಸಿಕ್ಕಿಸಿದ್ದು. ಲೂಕಿಚ್ ನೋಡಿದರು, ಆಡಿಕೊಳ್ಳಲಿಲ್ಲ. ಮೂರನೆಯ ಚಮಚ ಊಟದ ನಡುವೆ ಜಾಗದಿಂದ ಬಿಡಿಸಿಕೊಂಡು ಒಂದು ಸುತ್ತು ಸುತ್ತಿ ಜಾಲರಿಗೆ ಹೋಯಿತು. ನಮ್ಮ ಎರಡು ಅಲ್ಲಾಡಲಿಲ್ಲ.

ಗ್ಲಾಶಾ ಹೊಸ ವರ್ಷದ ಫರ್ ಮರದ ಹಾಡು ಹೇಳಿದಳು. ನಡುವೆ ಮರೆತು ಕೋಪಿಸಿಕೊಂಡು ಎದ್ದು ಹೋದಳು. ಥೇಟ್ ನನ್ನದೇ ಸ್ವಭಾವ.

ಜನವರಿ 18

ಅಭ್ಯಾಸವಾಗಿಬಿಟ್ಟಿದೆ. ನಾನು ಸ್ಪ್ಯಾನರ್ ಹುಡುಕುತ್ತಿದ್ದರೆ ಅದು ಬೆನ್ನ ಹಿಂದಿನಿಂದ ನಿಧಾನ ತೇಲಿ ಬರುತ್ತದೆ. ಹಲ್ಲುಜ್ಜಿ ಬರುವಷ್ಟರಲ್ಲಿ ನನ್ನ ಮಲಗುವ ಚೀಲ ಮತ್ತೆ ಬೆಚ್ಚಗಾಗಿರುತ್ತದೆ. ಮೊದಲು ಮೈ ಜುಮ್ಮೆನ್ನುತ್ತಿತ್ತು. ಈಗ 'ಸರಿಯಪ್ಪ, ಎದ್ದೇಳು, ಕೆಲಸವಿದೆ' ಎನ್ನುತ್ತೇನೆ. ಲೂಕಿಚ್‌ಗೆ ಹೇಳಿದ್ದಕ್ಕಿಂತ ಹೆಚ್ಚು ಮಾತು ಅವನಿಗೆ ಹೇಳುತ್ತೇನೆ. ಒಳ್ಳೆಯ ಜೊತೆಗಾರ, ಎದುರುತ್ತರ ಕೊಡುವುದಿಲ್ಲ.

ಇವತ್ತು ಭೂಮಿ ತೀರ್ಮಾನ ಹೇಳಿತು. ಗಾಳಿಯ ಯಂತ್ರ ಇನ್ನು ತಾಳುವುದಿಲ್ಲ, ಫೆಬ್ರವರಿಯಲ್ಲಿ ಇಬ್ಬರೂ ಇಳಿಯಬೇಕು. ಮುಂದೆ ಯಾರನ್ನೂ ಕಳಿಸುವುದಿಲ್ಲ. ಸ್ವಲ್ಪ ದಿನ ಬೆರೇಗ್ ಖಾಲಿ ಸುತ್ತುತ್ತದೆ, ಆಮೇಲೆ ಸಮುದ್ರಕ್ಕೆ ಇಳಿಸುತ್ತಾರೆ.

ಲೂಕಿಚ್ ಮತ್ತು ನಾನು ಮುಖ ಮುಖ ನೋಡಿಕೊಂಡೆವು. ಸಮುದ್ರಕ್ಕೆ ಇಳಿಸುವುದು ಎಂದರೆ ಮೊದಲು ಉರಿಯುವುದು. ಅವನು ಇಲ್ಲೇ ಉಳಿದರೆ ಕೆಳಗೆ ನೋನ್ನಾ ಬಳಿ ಇರುವುದರ ಗತಿ ಏನು? ಕರೆದುಕೊಂಡೇ ಹೋಗಬೇಕು. ಇದರಲ್ಲಿ ಚರ್ಚೆಯೇ ಆಗಲಿಲ್ಲ.

ಫೆಬ್ರವರಿ 3

ನೌಕೆಯ ಮೂರನೆಯ ಆಸನದಲ್ಲಿ ಹಳೆಯ ಉಪಕರಣ ತುಂಬಿ ಎಂದು ಭೂಮಿಯ ಆದೇಶ. ಲೂಕಿಚ್ 'ಆಗಲಿ' ಎಂದರು, ತುಂಬಲಿಲ್ಲ. ಮನೆ ಬದಲಿಸುವಾಗ ಮನೆ ಕಾಯುವ, ಕಣ್ಣಿಗೆ ಕಾಣದ ಅಜ್ಜದೈವವನ್ನು ಹಳೆಯ ಬೂಟಿನಲ್ಲಿ ಕೂರಿಸಿ ಹೊಸ ಮನೆಗೆ ಒಯ್ಯುತ್ತಿದ್ದಳಂತೆ ಅವರ ತಾಯಿ. ನಮ್ಮಲ್ಲಿ ಬೂಟಿಲ್ಲ. ಗೂಡಿನಲ್ಲಿ ತಿಮೊಫೇಯ್ ಬಿಟ್ಟುಹೋದ ಉಣ್ಣೆಯ ಕಾಲುಚೀಲ ಸಿಕ್ಕಿತು, ಹಿಮ್ಮಡಿಗೆ ನೋನ್ನಾ ಬೇರೆ ಬಣ್ಣದ ನೂಲಿನಲ್ಲಿ ತೇಪೆ ಹಾಕಿದ್ದು. ಅದೇ ಸಾಕು.

ಗ್ಲಾಶಾ ದಿನ ಎಣಿಸುತ್ತಿದ್ದಾಳಂತೆ. ಅಮ್ಮ ಸಂದೇಶ ಬಿಟ್ಟಿದ್ದಳು. ನಾನು ಮಾತಾಡಲು ಹೋಗುವಷ್ಟರಲ್ಲಿ ಹೊತ್ತು ಮುಗಿದಿತ್ತು, ಪಂಪು ಬಿಚ್ಚುತ್ತ ಮರೆತೇಬಿಟ್ಟಿದ್ದೆ.

ಫೆಬ್ರವರಿ 9

ಹೊರಡುವ ದಿನ. ನೌಕೆಯಲ್ಲಿ ಕೂತು ಬರೆಯುತ್ತಿದ್ದೇನೆ, ಇನ್ನೂ ಹೊತ್ತಿದೆ.

ದೀಪ ಒಂದೊಂದಾಗಿ ಆರಿಸಿದೆವು. ಫ್ಯಾನು, ಯಂತ್ರ, ಕ್ಯಾಮೆರಾ ಮಾತ್ರ ಓಡುತ್ತಿರಬೇಕೆಂದು ಭೂಮಿ ಹೇಳಿದೆ. ದೊಡ್ಡ ಕೋಣೆಯಲ್ಲಿ ಲೂಕಿಚ್ ಕಂಬಿಗೆ ಪಾದ ಸಿಕ್ಕಿಸಿ ಮಂಡಿ ಮಡಿಸಿ ಕೂತರು. ಪಕ್ಕದಲ್ಲಿ ಕಾಲುಚೀಲ ಕಟ್ಟಿದೆ. ಅದರ ಈಚೆ ನನ್ನ ಜಾಗ.

ಲೂಕಿಚ್ ಕರೆದರು: "ತಿಮೋಶಾ, ಬಾಪ್ಪ, ಕೂತ್ಕೋ. ಮನೆಗೆ ಹೋಗೋಣ. ನೋನ್ನಾ ಸಾರು ಮಾಡಿಟ್ಕೊಂಡು ಕಾಯ್ತಿದ್ದಾಳೆ."

ಕಣ್ಣು ಮುಚ್ಚಿದರು. ಕಾಲುಚೀಲ ಮೆಲ್ಲಗೆ ಉಬ್ಬಿತು, ಒಳಗೆ ಬೆರಳು ಮಡಿಸಿ ಬಿಚ್ಚಿದ ಹಾಗೆ. ಅಷ್ಟರಲ್ಲಿ ನೋಡುತ್ತೇನೆ, ಜಾಲರಿಯ ತುಂಬ ನೂಲಿನ ಜುಂಗು. ಸಾಮಾನು ಕಟ್ಟಿದ ಗಲಾಟೆಯಲ್ಲಿ ಬೆಳಿಗ್ಗೆ ಒರೆಸುವುದು ಮರೆತಿದೆ. ಅಂಥ ಮನೆ ಬಿಟ್ಟು ಹೋಗುವುದು ಹೇಗೆ? ಸದ್ದಾಗದ ಹಾಗೆ ಹೋಗಿ ಒರೆಸಿ ಬಂದೆ. ಬರುವಷ್ಟರಲ್ಲಿ ಲೂಕಿಚ್ ಕಣ್ಣು ಬಿಟ್ಟು 'ಸರಿ, ದೇವರಿದ್ದಾನೆ' ಎಂದು ಎದ್ದಾಗಿತ್ತು. ಎದ್ದ ಮೇಲೆ ಮತ್ತೆ ಕೂರಬಾರದು. ಇರಲಿ, ಕೂರಬೇಕಾಗಿದ್ದವನು ಅವನು. ನಾನಂತೂ ಇಲ್ಲೇ ಇದ್ದೇನಲ್ಲ.

ಕಾಲುಚೀಲವನ್ನು ಮೂರನೆಯ ಆಸನಕ್ಕೆ ಬೆಲ್ಟು ಹಾಕಿ ಕಟ್ಟಿದ್ದೇನೆ. ರಿಬ್ಬನ್ ಹಿಡಿಕಂಬಿಯಲ್ಲೇ ಉಳಿಯಿತು.

ಫೆಬ್ರವರಿ 11

ಇಳಿದೆವು. ಹುಲ್ಲುಗಾವಲು, ಹಿಮ, ಕುದುರೆಯ ಮೇಲೆ ಒಬ್ಬ. ಲೂಕಿಚ್ ಹಿಮ ಬಾಚಿ ತಿಂದು ಅತ್ತರು. ನನಗೂ ಕೊಟ್ಟರು. ತಣ್ಣಗಿತ್ತು.

ಫೆಬ್ರವರಿ 15

ಆಸ್ಪತ್ರೆ. ನೋನ್ನಾ ಫೋನು. ನಾವು ಇಳಿದ ಗಳಿಗೆಯಲ್ಲೇ ತಿಮೊಫೇಯ್ ಮಂಚದ ಮೇಲೆ ಎದ್ದು ಕೂತು 'ಸಾರಿಗೆ ಉಪ್ಪಿಲ್ಲ' ಎಂದನಂತೆ. ಆಮೇಲೆ ಇಡೀ ಪಾತ್ರೆ ಖಾಲಿ ಮಾಡಿದನಂತೆ. ಅವಳು ನಗುತ್ತಿದ್ದಳು, ಅಳುತ್ತಲೂ ಇದ್ದಳು. ಒಳ್ಳೆಯದಾಯಿತು ಎಂದೆ.

ಲೂಕಿಚ್ ಪಕ್ಕದ ಕೋಣೆಯಿಂದ ಗೋಡೆ ಹಿಡಿದುಕೊಂಡು ಬಂದರು. "ಕುಜ್ಮಿನಿಚ್ನಾ, ನೀನು ಕೂತಿದ್ದೆ ತಾನೇ?"

ಜಾಲರಿ ಒರೆಸಿದ್ದನ್ನು ಹೇಳಿದೆ. ಅವರು ಕುರ್ಚಿಯ ಮೇಲೆ ಕುಸಿದರು. ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದರು. ಯಾಕೆಂದು ಕೇಳಲಿಲ್ಲ.

ಫೆಬ್ರವರಿ 26

ಮನೆ. ನೋನ್ನಾ ಉಪ್ಪಿನಕಾಯಿ ಕಳಿಸಿದ್ದಾಳೆ. ತಿಂದೆ.

ಮಾರ್ಚ್ 2

ಹುಡುಗಿ ಜಡೆಗೆ ಮೊಲದ ಕಿವಿ ಕಟ್ಟು ಎಂದು ರಿಬ್ಬನ್ ತಂದಳು. ಹೇಗೆಂದು ಕೇಳಿದೆ. ತೋರಿಸಿದಳು, ಅವಳಿಗೂ ಬರಲಿಲ್ಲ. ಅಳತೊಡಗಿದಳು. ಅಮ್ಮ ಅವಳನ್ನು ಕರೆದುಕೊಂಡು ಹೋದಳು.

ನಾನು ಊಟದ ಮೇಜು ಒರೆಸುತ್ತಿರುತ್ತೇನಂತೆ. ಬೆಳಿಗ್ಗೆ ಹೊತ್ತು. ಮೇಜು ಶುಚಿಯಾಗೇ ಇದೆ ಎನ್ನುತ್ತಾಳೆ ಅಮ್ಮ. ಇರಬಹುದು.

ಮಾರ್ಚ್ 8

ಹೆಂಗಸರ ಹಬ್ಬ. ಲೂಕಿಚ್, ನೋನ್ನಾ, ತಿಮೊಫೇಯ್ ಬಂದಿದ್ದರು. ಹಳದಿ ಮಿಮೋಸಾ ಹೂವು ತಂದರು. ತಿಮೊಫೇಯ್ ದಪ್ಪಗಾಗಿದ್ದಾನೆ. ನನ್ನ ಮುಂದೆ ಮಂಡಿಯೂರಿ ಕೂತು ಮುಖ ನೋಡಿದ.

"ಲೀದಾ, ಅಲ್ಲಿ ಮೇಲೆ ಚಳಿ ಇಲ್ಲ ಅಲ್ವಾ?" ಎಂದ. "ನನ್ನ ಚೀಲದಲ್ಲಿ ಮಲ್ಕೋ. ಕಿಟಕಿ ಹತ್ರ ಇರು, ಹೊತ್ತು ಹೋಗತ್ತೆ. ನಾವು ಬರ್ತೀವಿ."

ಇಲ್ಲಿ ಚಳಿ ಇದೆ ಎಂದೆ, ಮಾರ್ಚ್ ತಿಂಗಳು.

ಬೆರೇಗ್ ಅನ್ನು ಮುಳುಗಿಸುವ ಮುಂಚೆ ಎಲ್ಲ ನಿಲ್ಲಿಸಿ ಬರಲು ಕೊನೆಯ ನೌಕೆಯೊಂದು ಹೋಗಬಹುದು, ಹೋಗದೆಯೂ ಇರಬಹುದು. ತಮ್ಮನ್ನು ಕಳಿಸಿ ಎಂದು ಲೂಕಿಚ್ ಕಚೇರಿ ಕಚೇರಿ ಅಲೆಯುತ್ತಿದ್ದಾರೆ. ಎದೆ ಸರಿಯಿಲ್ಲ ಎಂದು ವೈದ್ಯರು ಒಪ್ಪುತ್ತಿಲ್ಲ. ಅವರು ಯಾಕೆ ಇಷ್ಟು ಹಟ ಮಾಡುತ್ತಾರೋ ತಿಳಿಯದು. ಖಾಲಿ ನಿಲ್ದಾಣದ ಮಾಪಕದಲ್ಲಿ ಒಬ್ಬರ ಉಸಿರು ಬರುತ್ತಿದೆಯಂತೆ. ಹಿಂದಿನ ದೋಷವೇ ಇರಬೇಕು ಎಂದಿದೆಯಂತೆ ಭೂಮಿ. ಧೂಳು ತುಂಬಬೇಕಿದ್ದ ಜಾಲರಿ ದಿನವೂ ಶುಚಿಯಾಗಿ ಕಾಣುತ್ತಿದೆಯಂತೆ. ಯಾರೋ ಅಚ್ಚುಕಟ್ಟಿನವರು.

ಕ್ಯಾಮೆರಾದ ಒಂದು ಚಿತ್ರವನ್ನು ಲೂಕಿಚ್ ಮೇಜಿನ ಮೇಲಿಟ್ಟರು. ಹಿಡಿಕಂಬಿಯ ಕೆಂಪು ರಿಬ್ಬನ್. ನಾನು ಬರೀ ಒಂದು ಗಂಟು ಹಾಕಿದ್ದೆ. ಈಗ ಅದಕ್ಕೆ ಎರಡು ಕಿವಿ. ಒಂದು ನೆಟ್ಟಗೆ, ಒಂದು ಮಡಿಸಿದ್ದು, ಬಾಲ ಒಳಗೆ.

ಹುಡುಗಿ ಚಿತ್ರವನ್ನು ಎದೆಗೆ ಒತ್ತಿಕೊಂಡಳು. "ನಮ್ಮಮ್ಮ ಕಟ್ಟಿದ್ದು," ಎಂದಳು. "ತಾತಾ, ನಮ್ಮಮ್ಮ ಅಲ್ಲೇ ಇದ್ದಾಳೆ, ಬೇಗ ಹೋಗಿ."

ಲೂಕಿಚ್ ಅವಳನ್ನು ಎತ್ತಿಕೊಂಡರು. ಎಲ್ಲರೂ ಅಳುತ್ತಿದ್ದರು. ಮೇಜಿನ ಮೇಲೆ ಹೂವಿನ ಪುಡಿ ಉದುರಿತ್ತು. ನಾನು ಒರೆಸಿದೆ.